ಮಡಿಕೇರಿ ಮನೆಯಲ್ಲಿ ಮೊದಲ ಮೀನಿನ ಟ್ಯಾಂಕ್: ಬಾವಿ ನೀರು, ಚಳಿ, ಕರೆಂಟು, ಯಾವ ಮೀನು?

ಮಂಜಿನೂರು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮಡಿಕೇರಿಯಿಂದ ಸ್ವಲ್ಪ ಒಳಗೆ, ಸುತ್ತ ಕಾಫಿ ತೋಟ. ಮಗಳು ಮೀನು ಸಾಕಬೇಕು ಅಂತ ಹಟ ಹಿಡಿದಿದ್ದಾಳೆ, ನನಗೂ ಅಷ್ಟೇ ಆಸೆ ಇದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ಟ್ಯಾಂಕ್ ನೋಡಿಟ್ಟಿದ್ದೇನೆ, ದುಡ್ಡು ಇನ್ನೂ ಕೊಟ್ಟಿಲ್ಲ. ಅಂಗಡಿಯವರು ಹೇಳಿದ್ದು ಏನು ಅಂದ್ರೆ, ಟ್ಯಾಂಕ್, ಫಿಲ್ಟರ್, ಬಣ್ಣದ ಕಲ್ಲು, ಎರಡು ಗೋಲ್ಡ್ ಫಿಶ್, ಒಂದು ಫೈಟರ್, ಗಾಜು ಕ್ಲೀನ್ ಮಾಡೋಕೆ ಒಂದು ಸಕ್ಕರ್, ಎಲ್ಲ ಇವತ್ತೇ ತಗೊಂಡು ಹೋಗಿ, ಸಂಜೆಗೆ ಮೀನು ಬಿಡಿ ಅಂತ. ಇಷ್ಟು ಬೇಗ ಆಗುತ್ತದಾ ಅಂತ ಅನುಮಾನ ಬಂದು ವಾಪಸ್ ಬಂದೆ.

ಕೇಳಬೇಕಾದ್ದು ಜಾಸ್ತಿ ಇದೆ. ನಮ್ಮದು ತೆರೆದ ಬಾವಿ. ಕ್ಲೋರಿನ್ ಇಲ್ಲದ ನೀರು, ನೇರ ಹಾಕಬಹುದಾ? ಡಿಸೆಂಬರ್, ಜನವರಿ ರಾತ್ರಿ ಇಲ್ಲಿ ಹೇಗಿರುತ್ತದೆ ಅಂತ ನಿಮಗೆಲ್ಲ ಗೊತ್ತು, ಹೀಟರ್ ಬೇಕೇ ಬೇಕಾ? ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟ್ ಬರದೇ ಇರುವುದೂ ಉಂಟು, ಆಗ ಮೀನಿನ ಗತಿ ಏನು? ಇನ್ನೊಂದು, ಟ್ಯಾಂಕ್ ಮಹಡಿಯ ಹಲಗೆ ನೆಲದ ಮೇಲೆ ಇರಬೇಕು ಅಂತ ಮಗಳ ಆಸೆ. ತಡೆಯುತ್ತದಾ?

ಹಾರಂಗಿ ದಂಡೆ:

ತಗೊಳ್ಳುವ ಮುಂಚೆ ಕೇಳಿದ್ದು ತುಂಬಾ ಒಳ್ಳೆಯದಾಯಿತು. ಅಂಗಡಿಯವರು ಹೇಳಿದ ಆ ಮೀನುಗಳು ಒಂದೇ ಟ್ಯಾಂಕಿನಲ್ಲಿ ಬಾಳುವುದಿಲ್ಲ. ಗೋಲ್ಡ್ ಫಿಶ್‌ಗೆ 18ರಿಂದ 22 ಡಿಗ್ರಿ ತಣ್ಣನೆ ನೀರು ಸಾಕು, ಆದರೆ ಅದು ಬೆಳೆದರೆ ಅರ್ಧ ಅಡಿ ದಾಟುತ್ತದೆ, ಗಲೀಜು ಕೂಡ ಜಾಸ್ತಿ ಮಾಡುತ್ತದೆ. ಫೈಟರ್‌ಗೆ 25ರ ಆಸುಪಾಸಿನ ಬಿಸಿ ಬೇಕು. ಸಕ್ಕರ್ ಅಂತ ಮಾರುವ ಮೀನು ಒಂದಡಿಗಿಂತ ದೊಡ್ಡದಾಗುತ್ತದೆ, ಎರಡಡಿ ಟ್ಯಾಂಕಿನಲ್ಲಿ ಅದು ತಿರುಗುವುದಾದರೂ ಹೇಗೆ? ಗಾಜು ಕ್ಲೀನ್ ಮಾಡುವುದು ನಮ್ಮ ಕೈ ಕೆಲಸ, ಅದಕ್ಕೆ ಅಂತ ಮೀನು ತರಬೇಡಿ.

ಈಗ ಸಂಜೆಗೇ ಮೀನು ಬಿಡುವ ವಿಷಯ. ಮೀನು ಉಸಿರಾಡುವಾಗಲೂ, ಹೇಲುವಾಗಲೂ ನೀರಿಗೆ ಅಮೋನಿಯಾ ಸೇರುತ್ತದೆ. ತಿನ್ನದೆ ಉಳಿದ ಫುಡ್ ಕೊಳೆತರೂ ಅಷ್ಟೇ. ಅಮೋನಿಯಾ ಮೀನಿನ ಕಿವಿರು ಸುಡುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ, ಅದು ಅಷ್ಟು ತೊಂದರೆ ಕೊಡುವುದಿಲ್ಲ, ವಾರಕ್ಕೊಮ್ಮೆ ನೀರು ಬದಲಿಸಿದರೆ ಹೋಗುತ್ತದೆ. ಈ ಬ್ಯಾಕ್ಟೀರಿಯಾಗಳು ಹೊಸ ಟ್ಯಾಂಕಿನಲ್ಲಿ ಇರುವುದಿಲ್ಲ. ಅವು ಫಿಲ್ಟರಿನ ಸ್ಪಾಂಜಿನ ಮೇಲೆ, ಜಲ್ಲಿಯ ಮೇಲೆ ನಿಧಾನಕ್ಕೆ ಬೆಳೆಯಬೇಕು, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ನಮ್ಮ ಚಳಿಗೆ ಇನ್ನೂ ಜಾಸ್ತಿ. ಅಷ್ಟರೊಳಗೆ ಮೀನು ಬಿಟ್ಟರೆ ಮೊದಲ ದಿನ ಚೆನ್ನಾಗಿ ಓಡಾಡುತ್ತವೆ, ಎರಡನೇ ವಾರದಲ್ಲಿ ಒಂದೊಂದೇ ಸಾಯುತ್ತವೆ. ಮನೆಯವರು ನೀರು ಸರಿ ಇಲ್ಲ ಅಂತ ಪೂರ್ತಿ ಚೆಲ್ಲಿ, ಜಲ್ಲಿ ತೊಳೆದು, ಹೊಸದಾಗಿ ಶುರು ಮಾಡುತ್ತಾರೆ. ಬೆಳೆಯುತ್ತಿದ್ದ ಬ್ಯಾಕ್ಟೀರಿಯಾವೂ ಅದರ ಜೊತೆ ಹೋಯಿತು. ಎಷ್ಟೋ ಮನೆಯಲ್ಲಿ ಮೊದಲ ಟ್ಯಾಂಕ್ ಅಟ್ಟ ಸೇರುವುದು ಹೀಗೆಯೇ.

ಆದ್ದರಿಂದ ಮೀನಿಲ್ಲದೆ ಟ್ಯಾಂಕ್ ಓಡಿಸಿ. ನೀರು ತುಂಬಿ, ಫಿಲ್ಟರ್ ಹಾಕಿ, ದಿನಾ ಒಂದು ಚಿಟಿಕೆ ಮೀನಿನ ಫುಡ್ ಹಾಕಿ. ಅದು ಕೊಳೆತು ಅಮೋನಿಯಾ ಆಗಲಿ. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ಒಂದು ತಗೊಳ್ಳಿ, ಬಣ್ಣದ ಕಲ್ಲಿಗೆ ಕೊಡುವ ದುಡ್ಡು ಅದಕ್ಕೆ ಕೊಡಿ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಕಾಣಿಸುತ್ತಿದೆ ಅಂದ ದಿನ ಟ್ಯಾಂಕ್ ರೆಡಿ.

ಗಾಜು ಕೆಲಸ:

ನಾನು ಗಾಜು, ಅಲ್ಯೂಮಿನಿಯಂ ಕೆಲಸ ಮಾಡುವವನು, ಟ್ಯಾಂಕೂ ಕಟ್ಟಿಕೊಡುತ್ತೇನೆ. ನೀವು ಹೇಳಿದ ಅಳತೆಗೆ ಸುಮಾರು 55 ಲೀಟರ್ ಹಿಡಿಯುತ್ತದೆ. ನೀರೇ 55 ಕೆಜಿ, ಗಾಜು, ಜಲ್ಲಿ, ಸ್ಟ್ಯಾಂಡ್ ಸೇರಿದರೆ 80 ದಾಟುತ್ತದೆ. ದಪ್ಪ ತೊಲೆ ಇರುವ ಹಳೇ ಮನೆಯ ಹಲಗೆ ಇಷ್ಟು ತಡೆಯುತ್ತದೆ, ಆದರೆ ತೊಲೆ ಎಲ್ಲಿ ಹೋಗಿದೆ ನೋಡಿ, ಅದಕ್ಕೆ ಅಡ್ಡಲಾಗಿ ಗೋಡೆ ಪಕ್ಕ ಇಡಬೇಕು, ನಡುಮಧ್ಯ ಬೇಡ. ಯಾರಾದರೂ ನಡೆದಾಗ ಹಲಗೆ ಕುಣಿಯುತ್ತದೆ ಅಂದ್ರೆ ಅಲ್ಲಿ ಇಡಲೇಬೇಡಿ, ಸಿಲಿಕಾನ್ ಅಂಟಿಗೆ ಆ ಅಲುಗಾಟ ಆಗುವುದಿಲ್ಲ. ನನ್ನ ಕೇಳಿದರೆ ಕೆಳಗಿನ ರೆಡ್ ಆಕ್ಸೈಡ್ ನೆಲವೇ ಒಳ್ಳೆಯದು, ನೀರು ಬಕೆಟಿನಲ್ಲಿ ಹೊತ್ತು ಮೆಟ್ಟಿಲು ಹತ್ತುವುದೂ ತಪ್ಪುತ್ತದೆ.

ರಸಮಟ್ಟ ಇಟ್ಟು ನೋಡಿ, ಎರಡೂ ಕಡೆ ಸಮ ಇರಬೇಕು. ಟ್ಯಾಂಕ್ ಕೆಳಗೆ ಅರ್ಧ ಇಂಚಿನ ಥರ್ಮೋಕೋಲ್ ಹಾಸಿ. ಸಣ್ಣ ಕಲ್ಲು ಸಿಕ್ಕಿಕೊಂಡರೂ ತಳ ಸೀಳುತ್ತದೆ. ಹೊಸ ಟ್ಯಾಂಕನ್ನು ಹೊರಗೆ ಇಟ್ಟು ಒಂದು ದಿನ ಪೂರ್ತಿ ನೀರು ತುಂಬಿ ಸೋರುತ್ತದಾ ನೋಡಿ, ಆಮೇಲೆ ಒಳಗೆ ತನ್ನಿ. ವಿನೆಗರ್ ವಾಸನೆ ಬರುತ್ತಿದ್ದರೆ ಸಿಲಿಕಾನ್ ಇನ್ನೂ ಒಣಗಿಲ್ಲ. ಮಳೆಗಾಲದಲ್ಲಿ ಕಟ್ಟಿಸಿದ ಟ್ಯಾಂಕ್ ಇನ್ನೂ ಸ್ವಲ್ಪ ದಿನ ಬಿಡಬೇಕು. ಸೋಪು ಮಾತ್ರ ಮುಟ್ಟಿಸಬೇಡಿ.

ತೋಟದ ದಾರಿ:

ನೀರಿನ ಬಗ್ಗೆ ಒಂದು ಮಾತು, ಇದನ್ನು ತೋಟದವರಲ್ಲದೆ ಬೇರೆ ಯಾರೂ ಹೇಳುವುದಿಲ್ಲ. ಈಗ ಮಳೆ ಬಿಟ್ಟ ಮೇಲೆ ಕಾಫಿಗೆ, ಮೆಣಸಿಗೆ ಬೋರ್ಡೋ ಹೊಡೆಯುವ ಸಮಯ. ಬೋರ್ಡೋ ಅಂದ್ರೆ ಮೈಲುತುತ್ತು ಮತ್ತು ಸುಣ್ಣ. ಮೈಲುತುತ್ತಿನಲ್ಲಿರುವ ತಾಮ್ರ ಸೀಗಡಿಗೆ, ಬಸವನಹುಳುವಿಗೆ ಬಹಳ ಕಡಿಮೆ ಪ್ರಮಾಣದಲ್ಲೂ ವಿಷ, ಮೀನಿಗೂ ಒಳ್ಳೆಯದಲ್ಲ. ಅದರಲ್ಲೂ ನಮ್ಮ ಹಾಗೆ ಸುಣ್ಣದ ಅಂಶ ಇಲ್ಲದ ಮೆದು ನೀರಿನಲ್ಲಿ ತಾಮ್ರದ ವಿಷ ಇನ್ನೂ ಜೋರು. ನಿಮ್ಮ ಬಾವಿ ತೋಟದ ಇಳಿಜಾರಿನ ಕೆಳಗಿದ್ದರೆ, ಕಟ್ಟೆ ತಗ್ಗಿದ್ದರೆ, ಸ್ಪ್ರೇ ಆದ ಮೇಲೆ ಒಂದೆರಡು ಒಳ್ಳೆ ಮಳೆ ಹೋಗುವ ತನಕ ಆ ನೀರನ್ನು ಟ್ಯಾಂಕಿಗೆ ಹಾಕಬೇಡಿ. ಮೊದಲೇ ಎರಡು ಡ್ರಮ್ ತುಂಬಿಸಿ ಮುಚ್ಚಿ ಇಟ್ಟುಕೊಳ್ಳಿ.

ಆ ಡ್ರಮ್ ಹೊಸದಾಗಿರಲಿ. ತೋಟದಲ್ಲಿ ಔಷಧಿ ಕಲಸಿದ ಡ್ರಮ್, ಬಕೆಟ್, ಜಗ್ ಯಾವುದೂ ಬೇಡ, ಎಷ್ಟು ತೊಳೆದರೂ ಬೇಡ. ಕೆಲಸದವರಿಗೂ ಹೇಳಿ, ಮೀನಿನ ಬಕೆಟಿಗೆ ಬಣ್ಣದ ಗುರುತು ಹಾಕಿ ಬೇರೆ ಇಡಿ.

ನಾಪೋಕ್ಲು ಅಕ್ಕ:

ಮಳೆ ನೀರು ಹಿಡಿದು ಹಾಕೋಣ ಅಂತ ಯಾರಾದರೂ ಹೇಳುತ್ತಾರೆ, ಅದಕ್ಕೇ ಮುಂಚೆ ಹೇಳಿಬಿಡುತ್ತೇನೆ. ಹೊಸ ಜಿಂಕ್ ಶೀಟಿನ ಮೇಲಿಂದ ಇಳಿದ ನೀರು ಬೇಡ. ಆ ಲೋಹವೂ ಮೀನಿಗೆ ಆಗುವುದಿಲ್ಲ.

ಕ್ಲೋರಿನ್ ಪ್ರಶ್ನೆ ಬಾವಿಯವರಿಗೆ ಇಲ್ಲ. ಆದರೆ ಮಡಿಕೇರಿ ಪೇಟೆಯಲ್ಲಿ ನಲ್ಲಿ ನೀರು ಇರುವವರು ಓದುತ್ತಿದ್ದರೆ, ಬಕೆಟಿನಲ್ಲಿ ಹಿಡಿದು ಒಂದು ದಿನ ತೆರೆದಿಡಿ, ಇಲ್ಲದಿದ್ದರೆ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿ ಹಾಕಿ. ಬಾವಿ ನೀರಿಗೂ ಒಂದು ರಾತ್ರಿ ಏರ್ ಪಂಪ್ ಬಿಟ್ಟು ಆಮೇಲೆ ಬಳಸಿ. ನೆಲದಿಂದ ಬಂದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ, ಆಮ್ಲಜನಕ ಕಡಿಮೆ ಇರುತ್ತದೆ. ಬಾವಿಯಿಂದ ಸೇದಿದ ತಕ್ಷಣ ಪಿಎಚ್, ಅಂದ್ರೆ ನೀರು ಎಷ್ಟು ಹುಳಿ ಅನ್ನುವ ಅಳತೆ, ನೋಡಿದರೆ ಒಂದು ಅಂಕೆ, ಮರುದಿನ ನೋಡಿದರೆ ಇನ್ನೊಂದು. ಮರುದಿನದ ಅಂಕೆಯೇ ನಿಜ.

ಫೈಟರ್ ಪ್ರಿಯ:

ಎಲ್ಲರೂ ಫೈಟರ್ ಬೇಡ ಅಂತೀರಿ, ನಾನು ಒಪ್ಪುವುದಿಲ್ಲ. ನಾನು ಮಡಿಕೇರಿಯಲ್ಲೇ ಫೈಟರ್ ಸಾಕುತ್ತಿದ್ದೇನೆ. ಫೈಟರ್ ಮೇಲೆ ಬಂದು ಗಾಳಿ ಕುಡಿಯುವ ಮೀನು, ಕರೆಂಟ್ ಹೋಗಿ ಏರ್ ಪಂಪ್ ನಿಂತರೂ ಉಸಿರು ಕಟ್ಟುವುದಿಲ್ಲ. ನಮ್ಮ ಮೆದು ನೀರೂ ಅದಕ್ಕೆ ಹಿಡಿಸುತ್ತದೆ. ಒಂದೇ ಮೀನು, ಮಗುವಿಗೆ ಅದರ ಗುರುತೂ ಸಿಗುತ್ತದೆ, ಹತ್ತಿರ ಹೋದರೆ ಎದುರು ಬಂದು ನಿಲ್ಲುತ್ತದೆ. ಹೀಟರ್ ಒಂದಿದ್ದರೆ ಸಾಕು, ಟ್ಯಾಂಕಿನ ಮೂರು ಬದಿಗೆ ಥರ್ಮೋಕೋಲ್ ಅಂಟಿಸಿ, ಮೇಲೆ ಮುಚ್ಚಳ ಹಾಕಿ. ಗಾಜಿನ ಬೌಲಿನಲ್ಲಿ ಮಾತ್ರ ಇಡಬೇಡಿ.

ಹಾರಂಗಿ ದಂಡೆ:

ಫೈಟರ್ ಪ್ರಿಯ ಅವರೇ, ಉಸಿರಾಟದ ಬಗ್ಗೆ ನೀವು ಹೇಳಿದ್ದು ಪೂರ್ತಿ ಸರಿ. ತೊಂದರೆ ಬರುವುದು ಬಿಸಿಯಿಂದ. ನಾನು ಕುಶಾಲನಗರದ ಕಡೆ, ನಮ್ಮಲ್ಲಿ ಅಷ್ಟು ಚಳಿ ಇಲ್ಲ. ಆದರೆ ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗಿಂತ ಮೇಲೆ ಇದೆ. ಮನೆಯೊಳಗೆ 16 ಡಿಗ್ರಿ ಇರುವಾಗ 55 ಲೀಟರ್ ನೀರನ್ನು 26ರಲ್ಲಿ ಹಿಡಿದಿಡಲು ನೂರು ವ್ಯಾಟಿನ ಹೀಟರ್ ರಾತ್ರಿಯಿಡೀ ದುಡಿಯಬೇಕು. ಕರೆಂಟ್ ಹೋದರೆ ಬೆಳಗಾಗುವ ಹೊತ್ತಿಗೆ ನೀರು ಎಷ್ಟೋ ಡಿಗ್ರಿ ಇಳಿದಿರುತ್ತದೆ. ಕರೆಂಟ್ ಬಂದ ಮೇಲೆ ಹೀಟರ್ ಮತ್ತೆ ಏರಿಸುತ್ತದೆ. ಈ ಏರಿಳಿತದಲ್ಲೇ ಮೀನಿನ ಶಕ್ತಿ ಕುಗ್ಗುವುದು, ಮೈಮೇಲೆ ಬಿಳಿ ಚುಕ್ಕೆ ರೋಗ ಬರುವುದು. ಯುಪಿಎಸ್‌ನಲ್ಲಿ ಏರ್ ಪಂಪ್ ದಿನಗಟ್ಟಲೆ ಓಡುತ್ತದೆ, ಹೀಟರ್ ಹಾಕಿದರೆ ಕೆಲವೇ ಗಂಟೆಯಲ್ಲಿ ಬ್ಯಾಟರಿ ಖಾಲಿ.

ನಾನು ಹೇಳುವುದು ಇಷ್ಟೇ. ಕೊಡಗಿನ ಚಳಿಯ ಜೊತೆ ಕರೆಂಟಿನ ಬಲದಿಂದ ಜಗಳ ಆಡುವುದಕ್ಕಿಂತ ಚಳಿಯನ್ನು ಇಷ್ಟಪಡುವ ಮೀನು ತರುವುದು ಮೇಲು. ಅಂಥ ಮೀನು ಇವೆ. ವೈಟ್ ಕ್ಲೌಡ್ ಅಂತ ಒಂದು ಪುಟ್ಟ ಮೀನು, ಚೀನಾದ ಬೆಟ್ಟದ ತೊರೆಯದು, ನಾಲ್ಕು ಸೆಂಟಿಮೀಟರ್ ಉದ್ದ, ಕೆಂಪು ಬಾಲ, ಮೈಮೇಲೆ ಹೊಳೆಯುವ ಗೆರೆ. 16ರಿಂದ 22 ಡಿಗ್ರಿಯಲ್ಲಿ ಆರಾಮಾಗಿರುತ್ತದೆ, ಬಿಸಿ ಜಾಸ್ತಿಯಾದರೇ ಅದಕ್ಕೆ ಕಷ್ಟ. ಬೆಂಗಳೂರಿನವರು ಬೇಸಿಗೆಯಲ್ಲಿ ಅದನ್ನು ಉಳಿಸಿಕೊಳ್ಳಲು ಒದ್ದಾಡುತ್ತಾರೆ, ನಮಗೆ ಸುಮ್ನೆ ಸಿಕ್ಕಿದ ಅನುಕೂಲ. ಇನ್ನೊಂದು ಜೀಬ್ರಾ, ನಮ್ಮ ದೇಶದ್ದೇ ಮೀನು, 18ರಿಂದ 25ರವರೆಗೆ ನಡೆಯುತ್ತದೆ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ದಿನವಿಡೀ ಓಡಾಡುತ್ತದೆ. ರೋಸಿ ಬಾರ್ಬ್ ಕೂಡ ಚಳಿ ತಡೆಯುವ ಮೀನೇ, ಆದರೆ ಅದಕ್ಕೆ ಮೂರಡಿ ಟ್ಯಾಂಕ್ ಇದ್ದರೆ ಒಳ್ಳೆಯದು.

ಕರೆಂಟ್ ಲೆಕ್ಕವೂ ಇಲ್ಲಿ ಸೇರುತ್ತದೆ. ತಣ್ಣನೆ ನೀರಿನಲ್ಲಿ ಆಮ್ಲಜನಕ ಜಾಸ್ತಿ ಕರಗುತ್ತದೆ. ಸಮುದ್ರಮಟ್ಟದಲ್ಲಿ 20 ಡಿಗ್ರಿ ನೀರಿನ ಒಂದು ಲೀಟರಿನಲ್ಲಿ ಸುಮಾರು 9 ಮಿಲಿಗ್ರಾಂ, 28 ಡಿಗ್ರಿಯಲ್ಲಿ 7.8 ಮಿಲಿಗ್ರಾಂ. ಮಡಿಕೇರಿ ಎತ್ತರದಲ್ಲಿ ಎರಡೂ ಇನ್ನಷ್ಟು ಕಡಿಮೆ, ಅದಕ್ಕೇ ಆ ವ್ಯತ್ಯಾಸ ನಮಗೆ ಇನ್ನೂ ಮುಖ್ಯ. ಜೊತೆಗೆ ತಣ್ಣನೆ ನೀರಿನ ಮೀನಿಗೆ ಉಸಿರೂ ಕಡಿಮೆ ಸಾಕು. ಎಂಟು ವೈಟ್ ಕ್ಲೌಡ್, 55 ಲೀಟರ್, 19 ಡಿಗ್ರಿ ಅಂದ್ರೆ ಕಕ್ಕಡ ತಿಂಗಳ ಮಳೆಯಲ್ಲಿ ರಾತ್ರಿ ಕರೆಂಟ್ ಹೋದರೂ ನೀವು ಎದ್ದು ಕೂರಬೇಕಾಗಿಲ್ಲ.

ನಾಪೋಕ್ಲು ಅಕ್ಕ:

ಇದು ನಿಜ. ಆದರೂ ಒಂದು ಯುಎಸ್‌ಬಿ ಏರ್ ಪಂಪ್ ಇಟ್ಟುಕೊಳ್ಳಿ, ಮೊಬೈಲ್ ಪವರ್ ಬ್ಯಾಂಕಿನಲ್ಲಿ ಓಡುತ್ತದೆ. ಫಿಲ್ಟರ್ ಸಹ ಸ್ಪಾಂಜ್ ಫಿಲ್ಟರೇ ಇರಲಿ. ಗಾಳಿಯಿಂದಲೇ ಓಡುತ್ತದೆ, ಕರೆಂಟ್ ಹೋದಾಗ ಅದೇ ಪೈಪನ್ನು ಪವರ್ ಬ್ಯಾಂಕ್ ಪಂಪಿಗೆ ಸಿಕ್ಕಿಸಿದರೆ ಆಯಿತು. ಸ್ಪಾಂಜಿನ ಬ್ಯಾಕ್ಟೀರಿಯಾಕ್ಕೂ ಆಮ್ಲಜನಕ ಬೇಕಲ್ವಾ, ಗಂಟೆಗಟ್ಟಲೆ ನಿಂತರೆ ಅವೂ ಸಾಯುತ್ತವೆ. ಡಬ್ಬದ ಹಾಗೆ ಮುಚ್ಚಿದ ಫಿಲ್ಟರ್ ಇರುವವರು ತುಂಬಾ ಹೊತ್ತು ನಿಂತ ಮೇಲೆ ಹಾಗೇ ಚಾಲೂ ಮಾಡಬೇಡಿ, ಒಳಗಿನ ಕೊಳೆ ನೀರು ಚೆಲ್ಲಿ, ಸ್ಪಾಂಜನ್ನು ಟ್ಯಾಂಕ್ ನೀರಿನಲ್ಲಿ ಅದ್ದಿ ಹಿಂಡಿ, ಆಮೇಲೆ ಹಾಕಿ. ಕರೆಂಟ್ ಇಲ್ಲದ ದಿನ ಫುಡ್ ಕೂಡ ಹಾಕಬೇಡಿ.

ವೈರಿನ ವಿಷಯ ಯಾರೂ ಹೇಳಿಲ್ಲ. ಪ್ಲಗ್‌ಗಿಂತ ಕೆಳಗೆ ವೈರ್ ಒಂದು ಬಾಗು ತಗೊಂಡು ಮೇಲೆ ಬರಬೇಕು, ಆಗ ವೈರ್ ಮೇಲೆ ಇಳಿದ ನೀರು ಆ ಬಾಗಿನಿಂದ ನೆಲಕ್ಕೆ ತೊಟ್ಟಿಕ್ಕುತ್ತದೆ, ಸಾಕೆಟಿಗೆ ಹೋಗುವುದಿಲ್ಲ. ಮಳೆಗಾಲದಲ್ಲಿ ಗೋಡೆಯೇ ಒದ್ದೆ ಇರುವ ಊರು ನಮ್ಮದು. ಏರ್ ಪಂಪ್ ನೀರಿನ ಮಟ್ಟಕ್ಕಿಂತ ಮೇಲೆ ಇರಲಿ, ಇಲ್ಲದಿದ್ದರೆ ಕರೆಂಟ್ ಹೋದಾಗ ಪೈಪಿನಲ್ಲಿ ನೀರು ಹಿಂದಕ್ಕೆ ಹರಿದು ಪಂಪಿಗೆ ಬರುತ್ತದೆ. ಮಗು ಕೈ ಹಾಕುವ ಮುಂಚೆ ಸ್ವಿಚ್ ಆಫ್.

ಗೋಣಿಕೊಪ್ಪ ಹುಡುಗ:

ಅಣ್ಣಾ, ದುಡ್ಡು ಯಾಕೆ ಖರ್ಚು? ತೋಡಿನಲ್ಲಿ ಎಷ್ಟು ಚೆಂದದ ಮೀನು ಇವೆ. ಬಲೆ ಹಾಕಿ ಹಿಡಿದು ತಂದರೆ ಆಯಿತು, ನಮ್ಮ ನೀರಿಗೇ ಒಗ್ಗಿದ ಮೀನು.

ಹಾರಂಗಿ ದಂಡೆ:

ತಮ್ಮಾ, ಬೇಡ. ಹರಿಯುವ ತೋಡಿನ ಮೀನು ನಿಂತ ನೀರಿನ ಟ್ಯಾಂಕಿನಲ್ಲಿ ಬಾಳುವುದು ಕಷ್ಟ, ಅದರ ಮೈಯಲ್ಲಿರುವ ಹುಳ ಉಳಿದ ಮೀನಿಗೂ ಹತ್ತುತ್ತದೆ. ಅದಕ್ಕಿಂತ ದೊಡ್ಡ ವಿಷಯ, ನೀನು ಚೆಂದ ಅಂತ ಹಿಡಿಯುವುದು ಯಾವ ಮೀನು ಅಂತ ನಿನಗೆ ಗೊತ್ತಿರುವುದಿಲ್ಲ. ಕೆಂಪು ಗೆರೆಯ ಮಿಸ್ ಕೇರಳ ಮೀನನ್ನೇ ನೋಡು. ನಮ್ಮ ಬರಪೊಳೆ ಹೋಗಿ ಸೇರುವ ವಳಪಟ್ಟಣಂ ಹೊಳೆಯಲ್ಲೂ ಅದಿದೆ. ಪಶ್ಚಿಮಘಟ್ಟ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಮೀನು. ಟ್ಯಾಂಕಿಗೆ ಅಂತ ಹಿಡಿದು ಹಿಡಿದೇ ಅಳಿವಿನ ಅಂಚಿಗೆ ಬಂದಿದೆ.

ಇದರ ಉಲ್ಟಾ ಕೆಲಸವೂ ಬೇಡ. ಟ್ಯಾಂಕ್ ಸಾಕಾಯಿತು, ಮೀನು ದೊಡ್ಡದಾಯಿತು ಅಂತ ಹೊಳೆಗೆ ಬಿಡುವವರಿದ್ದಾರೆ, ಅದನ್ನು ಪುಣ್ಯ ಅಂದುಕೊಳ್ಳುತ್ತಾರೆ. ಸಕ್ಕರ್ ದಕ್ಷಿಣ ಅಮೆರಿಕದ ಮೀನು, ಈಗ ನಮ್ಮ ದೇಶದ ಕೆರೆ, ಹೊಳೆಗಳಲ್ಲಿ ಸಂಸಾರ ಹೂಡಿದೆ. ಕಾವೇರಿಯ ದೊಡ್ಡ ಮಹಶೀರ್ ಮೀನು ಬೇರೆ ಯಾವ ನದಿಯಲ್ಲೂ ಇಲ್ಲ, 2018ರಲ್ಲಿ ಅದನ್ನು ತೀವ್ರ ಅಳಿವಿನ ಅಪಾಯದ ಪಟ್ಟಿಗೆ ಸೇರಿಸಿದ್ದಾರೆ. ನಮ್ಮ ಹಾರಂಗಿಯಲ್ಲಿ ಮೀನುಗಾರಿಕೆ ಇಲಾಖೆಯವರು ಮಹಶೀರ್ ಮರಿ ಮಾಡಿಸಿ ಬೆಳೆಸುತ್ತಾರೆ. ಅವರು ಅಷ್ಟು ಕಷ್ಟಪಟ್ಟು ಮರಿ ಮಾಡುತ್ತಿರುವಾಗ ಅದೇ ನದಿಗೆ ನಾವು ಅಂಗಡಿ ಮೀನು ಬಿಡುವುದು ದೊಡ್ಡ ತಪ್ಪು. ಬೇಡವಾದ ಮೀನನ್ನು ಅಂಗಡಿಗೆ ವಾಪಸ್ ಕೊಡಿ, ಇಲ್ಲಿ ಕೇಳಿದರೆ ಯಾರಾದರೂ ತಗೊಳ್ಳುತ್ತಾರೆ. ಟ್ಯಾಂಕಿನ ಗಿಡವನ್ನೂ ತೋಡಿಗೆ ಎಸೆಯಬೇಡಿ, ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ.

ಗೋಣಿಕೊಪ್ಪ ಹುಡುಗ:

ಸರಿ ಅಣ್ಣಾ, ಇದು ಗೊತ್ತಿರಲಿಲ್ಲ. ಹಿಡಿಯುವುದಿಲ್ಲ.

ಮಂಜಿನೂರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟ್ಯಾಂಕ್ ಬಂತು, ಕೆಳಗಿನ ಹಾಲ್‌ನಲ್ಲೇ ಇಟ್ಟಿದ್ದೇವೆ. ಸ್ಪಾಂಜ್ ಫಿಲ್ಟರ್, ಹೊಳೆಜಲ್ಲಿ, ಒಂದು ಜಾವಾ ಫರ್ನ್, ಒಂದಿಷ್ಟು ಹಾರ್ನ್‌ವರ್ಟ್. ವೈಟ್ ಕ್ಲೌಡ್ ಅಂತ ತೀರ್ಮಾನ ಆಯಿತು, ಮಗಳಿಗೆ ಫೋಟೋ ತೋರಿಸಿದೆ, ಫೈಟರ್ ಮರೆತೇ ಹೋಯಿತು. ಬಾವಿ ನೀರನ್ನು ಒಂದು ರಾತ್ರಿ ಬಿಟ್ಟು ಟೆಸ್ಟ್ ಮಾಡಿದೆ. ಪಿಎಚ್ 6.4, ಕೆಎಚ್ ಒಂದೇ ಹನಿಗೆ ಬಣ್ಣ ಬದಲಾಯಿತು. ಇದು ಒಳ್ಳೆಯದಾ ಕೆಟ್ಟದ್ದಾ?

ಫೈಟರ್ ಪ್ರಿಯ:

ಮೆದು ನೀರು ಮೀನಿಗೆ ಒಳ್ಳೆಯದೇ, ಏನೂ ಮಾಡಬೇಡಿ.

ಹಾರಂಗಿ ದಂಡೆ:

ಮೀನಿಗೆ ತೊಂದರೆ ಇಲ್ಲ, ಬ್ಯಾಕ್ಟೀರಿಯಾಕ್ಕೆ ಇದೆ. ಸ್ವಲ್ಪ ಲೆಕ್ಕ ಹೇಳುತ್ತೇನೆ, ಓದಿ. ನಮ್ಮ ಕಡೆ ನೆಲದಡಿ ಸುಣ್ಣಕಲ್ಲು ಇಲ್ಲ, ಗಟ್ಟಿ ಬಂಡೆ, ಮೇಲಿಂದ ಅಷ್ಟು ಮಳೆ. ಹಾಗಾಗಿ ನೀರಿನಲ್ಲಿ ಕಾರ್ಬೊನೇಟ್ ತೀರಾ ಕಡಿಮೆ. ಕೆಎಚ್ ಅಳೆಯುವುದು ಅದನ್ನೇ. ಕಿಟ್ಟಿನ ಒಂದು ಹನಿ ಅಂದ್ರೆ ಕೆಎಚ್ ಒಂದು ಡಿಗ್ರಿ, ಲೀಟರಿಗೆ ಸುಮಾರು 18 ಮಿಲಿಗ್ರಾಂ. ಬ್ಯಾಕ್ಟೀರಿಯಾ ಅಮೋನಿಯಾ ತಿನ್ನುವಾಗ ಆಮ್ಲ ಹುಟ್ಟುತ್ತದೆ, ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು 7 ಮಿಲಿಗ್ರಾಂ ಕಾರ್ಬೊನೇಟ್ ಖರ್ಚಾಗುತ್ತದೆ. ಅಂದ್ರೆ ನಿಮ್ಮ ಟ್ಯಾಂಕಿನಲ್ಲಿ ಲೀಟರಿಗೆ ಎರಡೂವರೆ ಮಿಲಿಗ್ರಾಂ ಅಮೋನಿಯಾ ಸಾರಜನಕ ಕರಗುವಷ್ಟರಲ್ಲಿ ಇರುವ ಕಾರ್ಬೊನೇಟ್ ಎಲ್ಲ ಖಾಲಿ! ಆಮೇಲೆ ಪಿಎಚ್ ಕುಸಿಯುತ್ತದೆ. ಪಿಎಚ್ 6ಕ್ಕಿಂತ ಕೆಳಗೆ ಹೋದರೆ ಬ್ಯಾಕ್ಟೀರಿಯಾ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ವಾರಗಟ್ಟಲೆ ಕಾದರೂ ಅಮೋನಿಯಾ ಇಳಿಯುತ್ತಿಲ್ಲ ಅಂತ ಕೊಡಗಿನವರು ಕೇಳುತ್ತಲೇ ಇರುತ್ತಾರೆ, ಬಹಳ ಸಲ ಕಾರಣ ಇದೇ ಇರುತ್ತದೆ.

ಇದರಲ್ಲಿ ಇನ್ನೊಂದು ಅಪಾಯ ಇದೆ. ಹುಳಿ ನೀರಿನಲ್ಲಿ ಅಮೋನಿಯಾ ಹೆಚ್ಚಿನಂಶ ಅಮೋನಿಯಂ ಆಗಿರುತ್ತದೆ, ಅದರಿಂದ ಅಷ್ಟು ಹಾನಿ ಇಲ್ಲ. ಮೀನು ಬದುಕಿವೆ ಅಂತ ಸುಮ್ಮನಿರುತ್ತೇವೆ. ಒಂದು ದಿನ ಯಾರೋ ಹೇಳಿದರು ಅಂತ ಅಡುಗೆ ಸೋಡಾ ಹಾಕಿ ಪಿಎಚ್ ಒಮ್ಮೆಗೇ ಏರಿಸಿದರೆ, ಅದರಲ್ಲಿ ಒಂದು ಪಾಲು ವಿಷದ ಅಮೋನಿಯಾ ಆಗಿ ತಿರುಗುತ್ತದೆ. ಪಿಎಚ್ 7ರಿಂದ 8ಕ್ಕೆ ಏರಿದರೆ ವಿಷದ ಪಾಲು ಸುಮಾರು ಹತ್ತು ಪಟ್ಟು. ಗಂಟೆಗಳಲ್ಲಿ ಮೀನು ಹೋಗುತ್ತವೆ.

ಪರಿಹಾರ ಸುಲಭ, ದುಡ್ಡೂ ಬೇಡ. ಮಂಗಳೂರು ಕಡೆಯಿಂದ ಬರುವ ಮರುವಾಯಿ ತಿನ್ನುತ್ತೀರಲ್ಲ, ಅದರ ಚಿಪ್ಪು ಒಂದು ಹಿಡಿ ಚೆನ್ನಾಗಿ ಉಜ್ಜಿ, ಕುದಿಸಿ, ಒಣಗಿಸಿ, ಒಡೆದು ಬಲೆ ಚೀಲದಲ್ಲಿ ಹಾಕಿ ಫಿಲ್ಟರ್ ಪಕ್ಕ ಇಡಿ. ಅದು ಕ್ಯಾಲ್ಸಿಯಂ ಕಾರ್ಬೊನೇಟ್. ನೀರು ಹುಳಿಯಾದಷ್ಟೂ ಕರಗುತ್ತದೆ, 7 ದಾಟಿದ ಮೇಲೆ ಕರಗುವುದು ತೀರಾ ನಿಧಾನ. ವಾರಕ್ಕೊಮ್ಮೆ ಕೆಎಚ್ ನೋಡಿ, ಮೂರು ನಾಲ್ಕು ಹನಿಗೆ ಬಂದರೆ ಸಾಕು. ಈಗ ಮೀನೇ ಇಲ್ಲದ ಕಾರಣ ಧೈರ್ಯವಾಗಿ ಮಾಡಿ.

ಫೈಟರ್ ಪ್ರಿಯ:

ಈ ಲೆಕ್ಕ ನನಗೆ ಗೊತ್ತಿರಲಿಲ್ಲ, ಒಪ್ಪಿದೆ. ಮಂಜಿನೂರು ಅವರೇ, ನನ್ನ ಹತ್ತಿರ ಒಂದು ಹೀಟರ್ ಸುಮ್ನೆ ಇದೆ. ಮೀನು ಬರುವ ತನಕ ಟ್ಯಾಂಕಿಗೆ ಹಾಕಿ 27ಕ್ಕೆ ಇಡಿ, ಬಿಸಿಯಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಆಮೇಲೆ ವಾಪಸ್ ಕೊಡಿ. ನನ್ನ ಫಿಲ್ಟರಿನ ಹಳೇ ಸ್ಪಾಂಜೂ ಒಂದು ತುಂಡು ಕತ್ತರಿಸಿ ಕೊಡುತ್ತೇನೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ವಾರಗಟ್ಟಲೆ ಕಾಯುವುದು ತಪ್ಪುತ್ತದೆ. ನನ್ನ ಟ್ಯಾಂಕ್ ನೀರಿನಲ್ಲೇ ಮುಳುಗಿಸಿ ಕವರಿನಲ್ಲಿ ತಗೊಂಡು ಹೋಗಿ, ಒಣಗಬಾರದು, ಹೋದ ತಕ್ಷಣ ಟ್ಯಾಂಕಿಗೆ ಹಾಕಿ.

ನಾಪೋಕ್ಲು ಅಕ್ಕ:

ಎಷ್ಟು ಒಳ್ಳೆ ಕೆಲಸ. ಸ್ಪಾಂಜ್ ಕೊಡುವವರ ಟ್ಯಾಂಕಿನಲ್ಲಿ ಈಗ ಯಾವ ರೋಗವೂ ಇಲ್ಲ ಅಂತ ಮಾತ್ರ ಕೇಳಿಕೊಳ್ಳಿ.

ಫೈಟರ್ ಪ್ರಿಯ:

ಇಲ್ಲ ಅಕ್ಕ, ಆರೋಗ್ಯವಾಗಿದೆ. ಹೊಸ ಮೀನೂ ಯಾವುದೂ ತಂದಿಲ್ಲ.

ಮಂಜಿನೂರು:

ಹೀಟರ್, ಸ್ಪಾಂಜ್ ಎರಡೂ ಬಂತು, ದೊಡ್ಡ ಉಪಕಾರ. ಚಿಪ್ಪು ಹಾಕಿದ ಮೇಲೆ ಕೆಎಚ್ ನಿಧಾನಕ್ಕೆ ಮೂರಕ್ಕೆ ಬಂದಿದೆ, ಪಿಎಚ್ 7ರ ಹತ್ತಿರ. ಮೊದಲು ಅಮೋನಿಯಾ ಬಂತು, ಆಮೇಲೆ ಟ್ಯೂಬಿನಲ್ಲಿ ನೈಟ್ರೈಟಿನ ನೇರಳೆ ಬಣ್ಣ, ಈಗ ಎರಡೂ ಸೊನ್ನೆ. ಮಗಳು ದಿನಾ ಸಂಜೆ ಟ್ಯೂಬ್ ಹಿಡಿದು ಬಣ್ಣ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ, ಮೀನಿಲ್ಲದ ಟ್ಯಾಂಕನ್ನೇ ಇಷ್ಟು ಪ್ರೀತಿಯಿಂದ ನೋಡುತ್ತಾಳೆ ಅಂತ ನಾನು ಅಂದುಕೊಂಡಿರಲಿಲ್ಲ. ವೈಟ್ ಕ್ಲೌಡ್ ಮೈಸೂರಿನಲ್ಲಿ ಸಿಗುತ್ತದೆ ಅಂತ ಗೊತ್ತಾಯಿತು. ಅಲ್ಲಿಂದ ತರುವುದು ಹೇಗೆ?

ಹಾರಂಗಿ ದಂಡೆ:

ಮೈಸೂರಿನಿಂದ ಮೂರು ಗಂಟೆಯ ದಾರಿ, ಏನೂ ಭಯ ಇಲ್ಲ. ಆಕ್ಸಿಜನ್ ತುಂಬಿದ ಕವರಿನಲ್ಲಿ ಹಾಕಿಸಿ, ಥರ್ಮೋಕೋಲ್ ಡಬ್ಬದಲ್ಲಿ ಇಟ್ಟು ಕತ್ತಲಲ್ಲಿ ತನ್ನಿ. ಹಿಂದಿನ ದಿನ ಹೀಟರ್ ತೆಗೆದುಬಿಡಿ, ನೀರು ತಾನಾಗಿ ಮನೆಯ ತಂಪಿಗೆ ಇಳಿಯಲಿ. ಅದೇ ದಿನ ಅರ್ಧಕ್ಕಿಂತ ಜಾಸ್ತಿ ನೀರೂ ಬದಲಿಸಿ, ಸೇರಿರುವ ನೈಟ್ರೇಟ್ ಹೋಗುತ್ತದೆ. ತಂದ ಕವರನ್ನು ಕಟ್ಟು ಬಿಚ್ಚದೆ ಇಪ್ಪತ್ತು ನಿಮಿಷ ಟ್ಯಾಂಕಿನಲ್ಲಿ ತೇಲಿಬಿಡಿ, ಆಮೇಲೆ ಬಿಚ್ಚಿ ಸ್ವಲ್ಪ ಸ್ವಲ್ಪ ಟ್ಯಾಂಕ್ ನೀರು ಸೇರಿಸುತ್ತಾ ಹೋಗಿ, ಕೊನೆಗೆ ಬಲೆಯಲ್ಲಿ ಮೀನು ಮಾತ್ರ ಎತ್ತಿ ಬಿಡಿ. ಅಂಗಡಿಯ ನೀರು ಚೆಲ್ಲಿ. ಎಂಟೂ ಒಟ್ಟಿಗೆ ಬೇಡ ಅಂತ ಸಾಮಾನ್ಯವಾಗಿ ಹೇಳುತ್ತೇನೆ, ಆದರೆ ಇವು ಗುಂಪಿನ ಮೀನು, ಪುಟ್ಟ ಮೀನು, ನಿಮ್ಮ ಟ್ಯಾಂಕ್ ಚೆನ್ನಾಗಿ ಹದಕ್ಕೆ ಬಂದಿದೆ. ಆರು ತನ್ನಿ, ಮುಂದಿನ ಸಲ ಹೋದಾಗ ಇನ್ನೆರಡು. ಮೊದಲ ದಿನ ಲೈಟ್ ಹಾಕಬೇಡಿ, ಫುಡ್ಡೂ ಬೇಡ.

ಗಾಜು ಕೆಲಸ:

ಮುಚ್ಚಳ ಹಾಕಿ ಇಡಿ, ವೈಟ್ ಕ್ಲೌಡ್ ಹಾರುತ್ತದೆ. ಗಾಳಿ ಆಡಲು ಮೂಲೆಯಲ್ಲಿ ಜಾಗ ಬಿಟ್ಟು ಗಾಜು ಕತ್ತರಿಸಿಕೊಂಡರೆ ಆಯಿತು.

ಮಂಜಿನೂರು:

ಆರೂ ಬಂದಿವೆ, ಆರೂ ಚೆನ್ನಾಗಿವೆ. ಬೆಳಿಗ್ಗೆ ನೀರು 18 ಡಿಗ್ರಿ ಇರುತ್ತದೆ, ಆ ಚಳಿಯಲ್ಲೂ ಎದುರುಬದುರು ನಿಂತು ರೆಕ್ಕೆ ಬಿಚ್ಚಿ ತೋರಿಸುತ್ತವೆ. ಕೊನೆಯದಾಗಿ ಒಂದು ಪ್ರಶ್ನೆ. ಪುತ್ತರಿ ಹಬ್ಬಕ್ಕೆ ಐನ್‌ಮನೆಗೆ, ಅಂದ್ರೆ ನಮ್ಮ ಕುಟುಂಬದ ಮೂಲ ಮನೆಗೆ, ಹೋಗಬೇಕು, ನಾಲ್ಕೈದು ದಿನ ಮನೆಯಲ್ಲಿ ಯಾರೂ ಇರುವುದಿಲ್ಲ. ಪಕ್ಕದ ಲೈನ್ ಮನೆಯವರಿಗೆ ಫುಡ್ ಹಾಕಲು ಹೇಳಲಾ? ವಾರದ ನೀರು ಬದಲಿಸುವುದು ಹೋಗುವ ಮುಂಚೆಯಾ, ಬಂದ ಮೇಲಾ?

ನಾಪೋಕ್ಲು ಅಕ್ಕ:

ಯಾರಿಗೂ ಹೇಳಬೇಡಿ. ಬೆಳೆದ ಮೀನು ಆ ತಂಪಿನಲ್ಲಿ ನಾಲ್ಕೈದು ದಿನ ಉಪವಾಸ ಇದ್ದರೆ ಏನೂ ಆಗುವುದಿಲ್ಲ, ಗಿಡದ ಮೇಲಿನ ಪಾಚಿ ಕೆದಕಿ ತಿನ್ನುತ್ತವೆ. ಅಭ್ಯಾಸ ಇಲ್ಲದವರು ಪಾಪ ಪ್ರೀತಿಯಿಂದ ಒಂದು ಮುಷ್ಟಿ ಹಾಕಿಬಿಡುತ್ತಾರೆ, ಕೊಳೆತು ನೀರು ಕೆಡುತ್ತದೆ. ನೀರು ಎರಡು ದಿನ ಮುಂಚೆ ಕಾಲುಭಾಗ ಬದಲಿಸಿ, ಹೊರಡುವ ದಿನ ಬೇಡ, ಏನಾದರೂ ಹೆಚ್ಚುಕಡಿಮೆ ಆದರೆ ನೋಡಲು ನೀವು ಮನೆಯಲ್ಲಿ ಇರಬೇಕಲ್ವಾ. ಬಂದ ದಿನವೂ ಫುಡ್ ಒಂದೇ ಚಿಟಿಕೆ.

ಏರ್ ಪಂಪಿನ ಸ್ವಿಚ್ ಮೇಲೆ ಟೇಪ್ ಅಂಟಿಸಿ ಹೋಗಿ, ಹಬ್ಬಕ್ಕೆ ಹೊರಡುವ ಗಡಿಬಿಡಿಯಲ್ಲಿ ಮನೆಯವರು ಎಲ್ಲ ಸ್ವಿಚ್ ಆಫ್ ಮಾಡುತ್ತಾ ಬರುತ್ತಾರೆ. ಪುತ್ತರಿ ಚೆನ್ನಾಗಿ ಆಗಲಿ.